ಇನ್ನೊಮ್ಮೆ ತೊಳೆದ ಮಾಲಿಬ್ಡಿನಮ್

ಕ್ವಾರ್ಟರ್ಸ್‌ನಿಂದ,
ಮಂಗಳವಾರ ಸಂಜೆ

ನನ್ನ ಅಮ್ಮಾ,

ಹೇಗಿದ್ದೀಯ? ಎದೆನೋವು ಮತ್ತೆ ಬಂತೇ? ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನು ದಿಂಬಿನಡಿ ಬಚ್ಚಿಡುತ್ತೀಯಂತೆ, ಅಣ್ಣ ಚಾಡಿ ಹೇಳಿದ. ಅದೆಲ್ಲ ನಡೆಯುವುದಿಲ್ಲ. ಈ ಕಾಗದವನ್ನೂ ಅವನೇ ಗಂಟಲು ಸರಿಮಾಡಿಕೊಂಡು ಓದಿ ಹೇಳುತ್ತಿರಬೇಕು.

ಇವತ್ತು ಜಗಳವಾಡಿದೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ರಿಯಾಕ್ಟರಿನಿಂದ ಬಂದ ಯುರೇನಿಯಂ ತಟ್ಟೆಗಳನ್ನು ಕರಗಿಸಿ, ಆ ರಾಡಿಯೊಳಗಿಂದ ಮಾಲಿಬ್ಡಿನಮ್ ಒಂದನ್ನೇ ಬೇರ್ಪಡಿಸುವುದು. ಅದಿಲ್ಲದೆ ಆಸ್ಪತ್ರೆಗಳಲ್ಲಿ ಎದೆ, ಮೂಳೆಗಳ ಸ್ಕ್ಯಾನ್ ನಡೆಯದು. ಗೋಡೆಯಷ್ಟು ದಪ್ಪದ ಸೀಸದ ಗಾಜಿನ ಈಚೆ ನಾನು, ಆಚೆ ನಾನು ಆಡಿಸುವ ಕಬ್ಬಿಣದ ಕೈಗಳು. ಪುಡಿ ತುಂಬಿದ ಕೊಳವೆಯಲ್ಲಿ ದ್ರಾವಣ ಹರಿಸಿದರೆ ಮಾಲಿಬ್ಡಿನಮ್ ಅಂಟಿಕೊಳ್ಳುತ್ತದೆ, ಉಳಿದ ಕೊಳೆಯನ್ನು ತೊಳೆದು ಹೊರಹಾಕಬೇಕು. ಹಿಂದಿನ ಪಾಳಿಯವರು ಮಾಲು ಒಯ್ಯುವ ವಿಮಾನಕ್ಕೆ ಹೊತ್ತಾಯಿತೆಂದು ತೊಳೆಯುವುದನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಒಂದು ಹನಿ ತೆಗೆದು ಪರೀಕ್ಷಿಸಿದೆ. ವಿಕಿರಣ ಸೂಸುವ ಅಯೋಡಿನ್ ಮಿತಿ ಮೀರಿತ್ತು. ರೋಗಿಯ ಮೈ ಸೇರಿದರೆ ಅದು ನೆಟ್ಟಗೆ ಹೋಗಿ ಕುತ್ತಿಗೆಯ ಗ್ರಂಥಿಯಲ್ಲಿ ಮನೆ ಮಾಡುತ್ತದೆ.

ನಮ್ಮ ಗಡಿಬಿಡಿ ಸಾಹೇಬರು ಓಡಿಬಂದರು. (ಹೆಸರು ನಾವಿಟ್ಟದ್ದು.) "ಸ್ವಲ್ಪ ತಾನೇ ಜಾಸ್ತಿ ಇರೋದು, ಸಹಿ ಹಾಕಮ್ಮಾ. ಈ ಮಾಲು ಇಟ್ರೆ ಉಳಿಯಲ್ಲ, ಮೂರು ದಿನ ಆಗೋದ್ರೊಳಗೆ ಅರ್ಧ ಆಗೋಗುತ್ತೆ" ಎಂದರು. ಹಾಕುವುದಿಲ್ಲ ಎಂದೆ. "ಹಾಗಾದ್ರೆ ನಾಳೆಯಿಂದ ಇಲ್ಲಿ ನಿನಗೇನು ಕೆಲಸ?" ಎಂದರು. ನೊರೆ ಉಳಿದ ಬಟ್ಟೆ ಹಗ್ಗದ ಮೇಲೆ ಕಂಡರೆ ಕಿತ್ತು ಮತ್ತೆ ಬಕೆಟ್ಟಿಗೆ ಎಸೆಯುವವಳ ಮಗಳು ನಾನು, ನನ್ನ ಹತ್ತಿರ ಈ ಆಟವೇ? ಇನ್ನೊಮ್ಮೆ ತೊಳೆಯತೊಡಗಿದೆ. ಬೆನ್ನ ಹಿಂದೆ ಗೊಣಗುತ್ತಿದ್ದರು. ಗೊಣಗಲಿ. ಮಾಲು ಚೊಕ್ಕವಾಗಿ ಬಂತು, ಆಗ ಸಹಿ ಹಾಕಿದೆ. ಅಷ್ಟರಲ್ಲಿ ವಿಮಾನ ಹೋಗಿಯಾಗಿತ್ತು. ಕೆಲಸ ಹೋದರೆ ಹೋಗಲಿ, ನಾಳೆಯೂ ಹೀಗೇ ಮಾಡುತ್ತೇನೆ.

ಪಕ್ಕದ ಮಂಚದ ಅಜ್ಜಿಗೆ ನನ್ನ ನಮಸ್ಕಾರ ಹೇಳು. ನಿನ್ನ ಪಾದಕ್ಕೆ ಹಣೆ ಹಚ್ಚಿ,

ನಿನ್ನ ಮೊಂಡಿ

ಮರೆತು ಕೊನೆಗೆ ಬರೆದದ್ದಲ್ಲ, ಧೈರ್ಯ ಸಾಲಲಿಲ್ಲ. ಅಣ್ಣಾ, ಇದನ್ನು ಹಾರಿಸದೆ ಓದು. ಅಮ್ಮಾ, ನಿನ್ನ ಸ್ಕ್ಯಾನ್ ಮುಂದಿನ ವಾರಕ್ಕೆ ಹೋಯಿತೆಂದು ಆಸ್ಪತ್ರೆಯವರು ಹೇಳಿರುತ್ತಾರೆ, ಯಾಕೆಂದು ಹೇಳಿರುವುದಿಲ್ಲ. ರಸ್ತೆ ಇರುವ ಊರುಗಳಿಗೆ ಮಾಲು ಸಂಜೆಯೇ ಹೊರಟಿತು, ನಿಮ್ಮಲ್ಲಿಗೆ ವಿಮಾನವೇ ಗತಿ, ಈ ಮಾಲು ಒಯ್ಯುವುದು ವಾರಕ್ಕೊಂದೇ. ಸಾಲಾಗಿಟ್ಟಿದ್ದ ಸೀಸದ ಡಬ್ಬಿಗಳಲ್ಲಿ ಒಂದರ ಮೇಲೆ ನಿಮ್ಮ ಆಸ್ಪತ್ರೆಯ ಹೆಸರಿತ್ತು. ಅದನ್ನು ಓದಿಯೇ ತೊಳೆದೆ ಅಮ್ಮಾ. ಅಣ್ಣ ಕೂಗಾಡಲಿ, ನೀನೂ ಬೈ. ಆದರೆ ಮುಂದಿನ ವಾರದವರೆಗೆ ಇರಬೇಕು ನೀನು, ನನ್ನಾಣೆ.