ರಸ್ತೆಗೆ ಬಂದ ಬರ್ಚ್ ಮರ

ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಅರ್ಕಾದಿ ಲ್ವೋವಿಚ್ ಅವರಿಗೆ, ಝರೆಚ್ಯೆ ಹಳ್ಳಿಯ ವಿಧವೆ ಅಗ್ರಫೇನಾ ತಲೆಬಾಗಿ ಬರೆಯುವುದು.

ಚಕ್ರವರ್ತಿಗಳ ಸುಧಾರಣೆಯಿಂದ ನಮಗೂ ಚುನಾಯಿತ ಪರಿಷತ್ತು ಬಂತು. ರಸ್ತೆಯ ಎರಡೂ ಬದಿ ಮರ ಬೆಳೆಸಬೇಕೆಂದು ಅದು ತೀರ್ಮಾನಿಸಿತು. ಯಾರೂ ನೆಡಲಿಲ್ಲ. ಗವರ್ನರ್ ನೋಡಲು ಬರುತ್ತಾರೆಂದು ತಿಳಿದಾಗ ನಿಮ್ಮ ಪೇದೆಗಳು ಸಿಕ್ಕಸಿಕ್ಕ ಮರ ಕಡಿದು ತಂದು, ಬೇರಿಲ್ಲದೆ ಮಣ್ಣಿಗೆ ಚುಚ್ಚಿ ನಿಲ್ಲಿಸಿದರು. ನನ್ನ ಮಗಳು ಗ್ಲಾಶಾಳ ಸಮಾಧಿಯ ಮೇಲೆ ನಾನು ನೆಟ್ಟಿದ್ದ ಬರ್ಚ್ ಮರವೂ ಅದರಲ್ಲಿದೆ.

ಗವರ್ನರ್ ಬಂದು ಹೋದರು. ಸಾರೋಟಿನ ಪರದೆ ಎಳೆದಿತ್ತು, ನಿದ್ದೆಯಲ್ಲಿದ್ದರಂತೆ. ಮರವನ್ನು ವಾಪಸು ಕೇಳಿದರೆ ಪರಿಷತ್ತಿನ ಸದಸ್ಯ ನಿಕಾನೋರ್ ನಗುತ್ತಾನೆ: "ತೀರ್ಮಾನ ಮಾಡೋ ಅಧಿಕಾರ ನಮಗೆ ಕೊಟ್ಟಿದ್ದಾರೆ ತಾಯಿ, ಮರ ಮುಟ್ಟೋ ಅಧಿಕಾರ ಕೊಟ್ಟಿಲ್ಲ. ಮೇಲಿಂದ ಹುಕುಂ ಬರ್ಲಿ."

ಎಲೆಗಳೆಲ್ಲ ಉದುರುತ್ತಿವೆ. ಸಂಜೆ ನದಿಯ ಮಂಜು ರಸ್ತೆಗೆ ಏರಿದಾಗ ಮರಗಳು ನೆಲ ಬಿಟ್ಟು ತೇಲಿದಂತೆ ಕಾಣುತ್ತವೆ. ಕನಸಿನಲ್ಲಿ ಗ್ಲಾಶಾ ಆ ಸಾಲಿನಲ್ಲೇ ಬರಿಗಾಲಲ್ಲಿ ನಿಂತಿರುತ್ತಾಳೆ. "ಬಾರೇ, ಮನೆಗೆ ಹೋಗೋಣ" ಅಂದರೆ, "ಹುಕುಂ ಬಂದಿಲ್ಲಮ್ಮ" ಅನ್ನುತ್ತಾಳೆ.

ಆ ಮರ ಇನ್ನು ಚಿಗುರುವುದಿಲ್ಲ, ಗೊತ್ತು. ಅದನ್ನು ಕೇಳುವುದಿಲ್ಲ. ಗ್ಲಾಶಾ ಇನ್ನು ಮನೆಗೆ ಹೋಗಬಹುದು ಎಂದು ಒಂದು ಸಾಲು ಬರೆದು, ಮೊಹರು ಒತ್ತಿ ಕಳಿಸಿಕೊಡಿ ಸ್ವಾಮಿ. ನನಗೆ ಓದಲು ಬರುತ್ತದೆ. ರಸ್ತೆಯಲ್ಲಿ ನಿಂತು ಅವಳಿಗೆ ಓದಿ ಹೇಳುತ್ತೇನೆ.

ನಿಮ್ಮ ಉತ್ತರದ ದಾರಿ ಕಾಯುವ,
ಅಗ್ರಫೇನಾ ಸವೇಲ್ಯೆವ್ನಾ