ಕುಂತೇ ಹೋದ ಅವ್ವನಿಗೆ

ಅವ್ವಾ,

ಮೊದಲೇ ಹೇಳಿಬಿಡುತ್ತೇನೆ, ಮಲ್ಲಪ್ಪ ಮಾವನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಒಡಹುಟ್ಟಿದ ತಮ್ಮ ಅಂತ ನೀನು ಅವನ ಪರವೇ ಮಾತಾಡುತ್ತೀ, ಗೊತ್ತು. ಆದರೂ ಪೂರ್ತಿ ಕೇಳು.

ಗೊಳಸಂಗಿಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ದಿಂಬು ಒರಗಿಸಿಕೊಂಡು ನೀನು ಕೂತಿರುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೂತೇ ನಿದ್ದೆ ಮಾಡಲಿ ಅಂದಿದ್ದರು ಬಾಗೇವಾಡಿಯ ಡಾಕ್ಟರು. "ನೆಲಕ್ಕ ಬೆನ್ನ ಹಚ್ಚಿ ಯಾವ ಕಾಲ ಆತು," ಅಂತಿದ್ದೆ ನೀನು. "ಸತ್ತ ಮ್ಯಾಲರ ನನ್ನ ಕಾಲ ಚಾಚಿ ಮಲಗಸವಾ. ಕುಂತ ಕುಂತ ಸಾಕಾಗೈತಿ." ನಾನು ಹೂಂ ಅಂದೆ. ಅಲ್ಲೇ ಇದ್ದ ಮಾವನೂ ಕೇಳಿಸಿಕೊಂಡಿದ್ದ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ ಅಂತ ನಿನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಕೇಳಿದ್ದೆ ನೀನು.

ಒಂದು ಮಧ್ಯಾಹ್ನ ನಿನ್ನ ಹೊತ್ತು ಹೋಗಲಿ ಅಂತ ಮೊಬೈಲಿನಲ್ಲಿ ದೇಶದೇಶದವರು ಮಣ್ಣು ಮಾಡುವ ಬಗೆ ತೋರಿಸುತ್ತಿದ್ದೆ. ಆಫ್ರಿಕಾದಲ್ಲಿ ಎಲ್ಲೋ ಮೀನು ಹಿಡಿಯುವವ ಸತ್ತರೆ ಮೀನಿನ ಆಕಾರದ ಪೆಟ್ಟಿಗೆ ಮಾಡಿಸುತ್ತಾರೆ. ನಿನ್ನದು ಒಂದೇ ಪ್ರಶ್ನೆ. "ಅದರಾಗ ಕುಂದ್ರಸ್ತಾರೋ ಮಲಗಸ್ತಾರೋ?" ಫಿಲಿಪೈನ್ಸಿನಲ್ಲಿ ಗುಡ್ಡದ ಬಂಡೆಗೆ ಪೆಟ್ಟಿಗೆ ತೂಗು ಹಾಕುತ್ತಾರೆ, ಕೆಲವುಗಳಲ್ಲಿ ಹೆಣವನ್ನು ಹೊಟ್ಟೆಯೊಳಗಿನ ಕೂಸಿನ ಹಾಗೆ ಮಡಚಿ ಇಡುತ್ತಾರಂತೆ. "ಅಲ್ಲೂ ಮಡಚತಾರೇನ? ಮುಂದಿನದ ತೋರಸು," ಅಂದೆ ನೀನು. ಬಾಜೂ ಮನೆಯ ಹುಸೇನಬಿ ಚಿಕ್ಕಮ್ಮ ಅಲ್ಲೇ ಕೂತಿದ್ದಳು. "ನಮ್ಮಲ್ಲೆ ಮಾರಿ ಪಶ್ಚಿಮಕ್ಕ ಮಾಡಿ ಮಲಗಸ್ತೀವಿ ನೋಡಕ್ಕ." ನೀನು ತಟ್ಟನೆ, "ಹಂಗಾದ್ರ ನನ್ನೂ ನಿಮ್ಮ ಕಬರಸ್ತಾನಕ್ಕ ಒಯ್ದುಬಿಡ್ರಿ." "ಸುಮ್ಮನಿರಕ್ಕ, ನಿಮ್ಮ ಅಯ್ಯನೋರು ಕೇಳಿದ್ರ ಮೊದಲ ನನ್ನ ಹುಗೀತಾರ." ಎಷ್ಟು ನಕ್ಕೆವು. ನಿನಗೆ ಕೆಮ್ಮು ಬಂದು ನಗು ನಿಲ್ಲಿಸಬೇಕಾಯಿತು.

ನೀನು ಹೋದೆ ಅಂತ ಮಾವನ ಫೋನು ಬಂದಾಗ ನಾನು ಮೋರಟಗಿಯ ಸಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಸಿಂದಗಿಯಲ್ಲಿ ಒಂದು ಬಸ್ಸು ತಪ್ಪಿತು, ಬಾಗೇವಾಡಿಯಲ್ಲಿ ಇನ್ನೊಂದಕ್ಕೆ ಕಾದೆ. ಕಿಟಕಿಯ ಪಕ್ಕ ಕೂತು ಬರೀ ಒಂದೇ ಬೇಡಿಕೆ, ನಾನು ಬರುವವರೆಗೆ ಯಾರೂ ಅವ್ವನನ್ನು ಮುಟ್ಟದಿರಲಿ... ಸಂಜೆ ಮನೆ ಹೊಕ್ಕರೆ, ಮಾವ ಆಗಲೇ ನಿನಗೆ ಚಕ್ಕಳಮಕ್ಕಳ ಹಾಕಿಸಿ, ಎದೆಗೆ ಸೀರೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದ. ಮೈ ಬೆಚ್ಚಗಿರುವಾಗಲೇ ಕೂಡಿಸಬೇಕು, ಆಮೇಲೆ ಬಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮಲಗಿಸ್ರಿ ಅಂತ ಕೂಗಾಡಿದೆ. ಮಾವ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದ. "ಸೆಟದಾಳವಾ. ಈಗ ಮಲಗಸಬೇಕಂದ್ರ ಕಾಲ ಮುರೀಬೇಕಾಕ್ಕೈತಿ. ನೀನ ಹೇಳು, ಮುರೀಲೇನ?"

ನಿನ್ನ ಕಾಲು ಮುಟ್ಟಿ ನೋಡಿದೆ ಅವ್ವಾ, ಕಟ್ಟಿಗೆಯ ಹಾಗಿತ್ತು. ಕುಣಿಯ ಮಗ್ಗುಲಿಗೆ ಕೊರೆದ ಗೂಡಿನಲ್ಲಿ ನಿನ್ನನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರಿ ತುಂಬಿದರು. ನಿನ್ನ ಮೊಣಕಾಲು ಗೂಡಿನ ಅಂಚಿಗೆ ಒತ್ತುತ್ತಿತ್ತು, ಅಷ್ಟು ಇಕ್ಕಟ್ಟು. ಈಗಲೂ ಹಾಸಿಗೆಯಲ್ಲಿ ಕಾಲು ಚಾಚಿದರೆ ನಿನ್ನದನ್ನೇನೋ ಕಸಿದುಕೊಂಡ ಹಾಗಾಗುತ್ತದೆ, ಮತ್ತೆ ಮುದುಡಿಕೊಳ್ಳುತ್ತೇನೆ.

ನಿನಗೆ ಗೊತ್ತಿಲ್ಲದ ಸುದ್ದಿ ಈಗ ಹೇಳುತ್ತೇನೆ. ಮಾವನಿಗೂ ಅದೇ ಉಸಿರಿನ ಬ್ಯಾನಿ. ಅತ್ತೆ ಇಲ್ಲ, ಮಕ್ಕಳಿಲ್ಲ, ನಾನೇ ಮೋರಟಗಿಗೆ ಕರೆದುಕೊಂಡು ಬಂದೆ. ನಿನ್ನ ಹಾಗೆಯೇ ಗೋಡೆಗೆ ದಿಂಬು. ಮೊನ್ನೆ ಚಹಾ ಕೊಡುವಾಗ ಕೈ ಹಿಡಿದುಕೊಂಡ. "ಅಕ್ಕನ ಮಾತು ಆವಾಗ ತಿಳೀಲಿಲ್ಲವಾ, ಈಗ ತಿಳಿಯಾಕತ್ತೈತಿ. ನನ್ನ ಮಲಗಸ್ತೀಯೇನ?" ನನಗೆ ಮೈಯೆಲ್ಲ ಉರಿದುಹೋಯಿತು. ನಿನಗೆ ಸಿಗದೇ ಇದ್ದದ್ದನ್ನು, ಸಿಗದ ಹಾಗೆ ಮಾಡಿದವನಿಗೇ ಕೊಡಲೇ? ಚಹಾದ ಕಪ್ಪು ಅಲ್ಲೇ ಇಟ್ಟು ಎದ್ದುಬಂದೆ.

ಆದರೆ ಕೂತಲ್ಲೇ ತೂಕಡಿಸುವಾಗ ಅವನ ಬಾಯಿ ಥೇಟ್ ನಿನ್ನ ಹಾಗೆಯೇ ತೆರೆದುಕೊಳ್ಳುತ್ತದೆ. ನೋಡಿ ನೋಡಿ ಸೋತೆ ಅವ್ವಾ. ನಿನ್ನೆ ಹೂಂ ಅಂದೆ. ಸಿಟ್ಟಾಗಬೇಡ.

ಅವನ ಉಸಿರು ನಿಂತಾಗ, ಈ ಸಲ ನಾನು ಬಸ್ಸಿಗೆ ಕಾಯಬೇಕಾಗಿಲ್ಲ. ಮಣ್ಣಿಗೆ ಬರುವ ಬಳಗದವರು ಗೊಳಸಂಗಿಯಿಂದ ಬರಬೇಕು, ಸಿಂದಗಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅವರು ಬಂದು ಮುಟ್ಟುವುದರೊಳಗೆ ಮಾವ ಕಾಲು ಚಾಚಿ ಸೆಟೆದಿರುತ್ತಾನೆ. ಕೂಡಿಸಬೇಕಂದರೆ ಕಾಲು ಮುರಿಯಬೇಕಾಗುತ್ತದೆ, ಮುರಿಯಲೇನು ಅಂತ ನಾನೂ ಕೇಳುತ್ತೇನೆ. ಉದ್ದನೆಯ ಕುಣಿ ತೋಡಲಿ.

ನಿನ್ನ ಮಗಳು