ಮೂರನೇ ದಿನದ ಸಾರು

ಅತ್ತೆ,

ಒಲೆ ಮೇಲಿನ ಸೊಪ್ಪಿನ ಸಾರು, ಡಬ್ಬಿಯಲ್ಲಿರುವ ಒಂದು ಮುದ್ದೆ ನಾನೇ ಮಾಡಿದ್ದು. ಮುಟ್ಟಾದವಳು ಮೂರನೇ ದಿನಕ್ಕೇ ಅಡುಗೆಮನೆಗೆ ನುಗ್ಗಿದಳು ಅಂತ ಚೆಲ್ಲಬೇಡಿ. ನಾನು ಮುಟ್ಟಾಗಿಲ್ಲ. ನಿಂತು ಏಳು ತಿಂಗಳಾಯಿತು.

ಎದುರು ನಿಂತು ಹೇಳಲು ಮುಖವಿಲ್ಲ. ಒಲೆ ಮುಂದೆ ಹೋದರೆ ಮೈಯೆಲ್ಲ ಧಗಧಗ ಉರಿಯುತ್ತಿತ್ತು, ತಿಂಗಳಿಗೆ ಮೂರು ದಿನದ ರಜೆ ಬಿಡಲು ಮನಸ್ಸಾಗಲಿಲ್ಲ. ನೀವು ಮಂಡಿ ನೋವಿನಲ್ಲಿ ಮುದ್ದೆ ತಿರುವುತ್ತಿದ್ದರೆ ನಾನು ಫ್ಯಾನ್ ಕೆಳಗೆ ಕೂತು ಧಾರಾವಾಹಿ ನೋಡುತ್ತಿದ್ದೆ. ಥೂ, ಬರೆಯುವಾಗಲೇ ನಾಚಿಕೆಯಾಗುತ್ತಿದೆ.

ಇನ್ನೂ ಮುಚ್ಚಿಡುತ್ತಿದ್ದೆನೋ ಏನೋ. ನಿನ್ನೆ ನೀವು, "ಐವತ್ತೆರಡಾದ್ರೂ ನಿಂತಿಲ್ವಲ್ಲ ನಿಂಗೆ, ಪಾಪ. ಬೇಗ ನಿಲ್ಲಲಿ ಅಂತ ಊರಮ್ಮಂಗೆ ಅರಕೆ ಕಟ್ಕೊಂಡಿವ್ನಿ. ನಾಳೆಯಿಂದ ಒಂಬತ್ತು ಮಂಗಳವಾರ ಉಪವಾಸ" ಅಂದುಬಿಟ್ಟಿರಿ.

ಸಕ್ಕರೆ ಕಾಯಿಲೆ ಇಟ್ಟುಕೊಂಡು ಉಪವಾಸವೇ? ಮೊದಲು ಉಂಡು ಮಾತ್ರೆ ನುಂಗಿ. ಕುಕ್ಕರ್ ಮುಟ್ಟಬೇಡಿ, ರಾತ್ರಿ ಅಡುಗೆ ನನ್ನದೇ. ನಿಮ್ಮ ಮಗನಿಗೆ ಮಾತ್ರ ಹೇಳಬೇಡಿ, ವರ್ಷವೆಲ್ಲ ಆಡಿಕೊಂಡು ನಗುತ್ತಾರೆ. ನೀವು ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ.

ಊರಮ್ಮ ನಡೆಸಿಕೊಟ್ಟ ಮೇಲೆ ಹರಕೆ ತೀರಿಸಲೇಬೇಕು ಅನ್ನುತ್ತೀರಿ, ಗೊತ್ತು. ಹೆಬ್ಬಾಳದ ಬಸ್ಸಿಗೆ ಹೊತ್ತಾಯಿತು, ಖಾಲಿ ಹೊಟ್ಟೆಯಲ್ಲೇ ಹೊರಟಿದ್ದೇನೆ. ಇವತ್ತಿನದು ಮೊದಲನೆಯದು.

ನಳಿನಿ